ಸತ್ಯವೇದದ ವಚನ ಬಾಯಿಗೆ ಬರುತ್ತದೆ, ಆದರೂ ರಾತ್ರಿ ಭಯ ಬಿಡುವುದಿಲ್ಲ ಅನ್ನುವವರಿಗೆ ಏನು ಹೇಳಿಕೊಡಬೇಕು?

ಯುವಕೂಟ_ಹುಬ್ಬಳ್ಳಿ

ಎಲ್ಲರಿಗೂ ವಂದನೆಗಳು. ಯುವಜನರ ಕೂಟಕ್ಕೆ ನಾಲ್ಕು ವಾರದ ಪಾಠ ತಯಾರಾಗಬೇಕು, ವಿಷಯ ಭಯ ಮತ್ತು ಚಿಂತೆ. ಬರುವವರಲ್ಲಿ ಪಿಯು ಮುಗಿಸಿ ಸಿಇಟಿ, ನೀಟ್ ಫಲಿತಾಂಶಕ್ಕೆ ಕಾಯುವವರಿದ್ದಾರೆ, ಕೆಲಸ ಹುಡುಕುವವರಿದ್ದಾರೆ, ನೈಟ್ ಶಿಫ್ಟಿನವರೂ ಇದ್ದಾರೆ. ಯಾವುದಕ್ಕೂ ಚಿಂತೆ ಮಾಡದೆ ಬೇಕಾದದ್ದನ್ನು ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸಿ ಎನ್ನುವ ಫಿಲಿಪ್ಪಿ 4:6 ಎಲ್ಲರಿಗೂ ಬಾಯಿಪಾಠ. ಅವರು ಕೇಳುವ ಪ್ರಶ್ನೆ ಒಂದೇ: "ಚಿಂತೆ ಮಾಡಬೇಡ ಅಂತ ದೇವರೇ ಹೇಳಿದ ಮೇಲೂ ಚಿಂತೆ ಬರುತ್ತಲ್ಲ, ಹಾಗಾದ್ರೆ ನನ್ನ ನಂಬಿಕೆಯೇ ಸುಳ್ಳಾ?" ಪ್ರಸಂಗದ ಸಾಮಗ್ರಿ ನನಗೆ ಬೇಡ. ಅವರು ಮನೆಗೆ ಹೋಗಿ ಮಾಡುವಂಥದ್ದು ಹೇಳಿ. ಯಾವ ಭಾಗ ಓದಬೇಕು, ಎಷ್ಟು ಹೊತ್ತು, ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ.

ಮೂಲಭಾಷೆ_ಓದುಗ

ಬ್ರದರ್, ಮೊದಲ ವಾರ ಆ ಪ್ರಶ್ನೆಯನ್ನೇ ಎತ್ತಿಕೊಳ್ಳಿ. ಅದು ಬಿಡಿಸಿಕೊಳ್ಳದೆ ಮುಂದಿನ ಯಾವ ಅಭ್ಯಾಸವೂ ಕೂರುವುದಿಲ್ಲ.

ಫಿಲಿಪ್ಪಿ 4:6ರಲ್ಲಿ ನಾವು 'ಚಿಂತೆ' ಎಂದು ಓದುವ ಕಡೆ ಗ್ರೀಕಿನಲ್ಲಿರುವುದು 'ಮೆರಿಮ್ನಾವೊ' ಎಂಬ ಕ್ರಿಯಾಪದ. ಅದೇ ಪತ್ರದ 2:20ಕ್ಕೆ ಹಿಂದೆ ಹೋಗಿ. ತಿಮೊಥೆಯನಷ್ಟು ನಿಜವಾಗಿ ನಿಮ್ಮ ಯೋಗಕ್ಷೇಮ ಚಿಂತಿಸುವವನು ನನ್ನ ಹತ್ತಿರ ಬೇರೆ ಯಾರೂ ಇಲ್ಲ ಎಂದು ಪೌಲನು ಬರೆಯುವಾಗ ಬಳಸುವುದೂ ಅದೇ ಕ್ರಿಯಾಪದ. ಅಲ್ಲಿ ಅದು ಹೊಗಳಿಕೆ. 2 ಕೊರಿಂಥ 11:28ರಲ್ಲಿ ಎಲ್ಲಾ ಸಭೆಗಳ ಚಿಂತೆ ದಿನವೂ ತನ್ನ ಮೇಲಿದೆ ಎನ್ನುತ್ತಾನೆ, 7:5ರಲ್ಲಿ ಹೊರಗೆ ಜಗಳ, ಒಳಗೆ ಭಯ ಎನ್ನುತ್ತಾನೆ. ಚಿಂತೆ ಬಂದದ್ದೇ ಅಪನಂಬಿಕೆ ಎಂದಾದರೆ ಮೊದಲು ಸಿಕ್ಕಿಬೀಳುವವನು ಪೌಲನೇ. 4:6ರ ಮಾತಿರುವುದು ಬಂದ ಚಿಂತೆಯನ್ನು ಎಲ್ಲಿಗೆ ಒಯ್ಯಬೇಕು ಅನ್ನುವುದರ ಬಗ್ಗೆ. ಅಲ್ಲಿನ ಕ್ರಿಯಾರೂಪವೂ 'ಮಾಡುತ್ತಾ ಕೂರಬೇಡಿ' ಎನ್ನುವ ಧಾಟಿಯದು.

ಇನ್ನೊಂದು 1 ಪೇತ್ರ 5:7. ಚಿಂತೆಯನ್ನು ಆತನ ಮೇಲೆ ಹಾಕುವುದನ್ನು ನಾವು ಬೇರೆಯೇ ಒಂದು ಆಜ್ಞೆ ಎಂದು ಓದುತ್ತೇವೆ. ಗ್ರೀಕಿನಲ್ಲಿ ಅದು 5:6ರ 'ತಗ್ಗಿಸಿಕೊಳ್ಳಿರಿ' ಎಂಬುದಕ್ಕೆ ಜೋತುಬಿದ್ದ ಕೃದಂತ. ಕನ್ನಡದಲ್ಲಿ ಇದನ್ನು ಹೇಳುವುದು ಬಹಳ ಸುಲಭ: ಚಿಂತೆಯನ್ನೆಲ್ಲ ಆತನ ಮೇಲೆ ಹಾಕುತ್ತಾ ತಗ್ಗಿಸಿಕೊಳ್ಳಿರಿ. ಅಂದರೆ ಚಿಂತೆ ಒಪ್ಪಿಸುವುದು ಗಟ್ಟಿ ಮನಸ್ಸಿನವರ ಸಾಹಸ ಅಲ್ಲ, 'ಇದು ನನ್ನ ಕೈಮೀರಿದ್ದು' ಎಂದು ಒಪ್ಪಿಕೊಳ್ಳುವ ದೀನತೆ. ಆ 'ಹಾಕು' ಎಂಬ ಪದ ಹೊಸ ಒಡಂಬಡಿಕೆಯಲ್ಲಿ ಇನ್ನು ಒಂದೇ ಕಡೆ ಬರುತ್ತದೆ. ಲೂಕ 19:35ರಲ್ಲಿ ಶಿಷ್ಯರು ಕತ್ತೆಮರಿಯ ಮೇಲೆ ತಮ್ಮ ಬಟ್ಟೆ ಹಾಕುವಾಗ. ಈ ಚಿತ್ರವನ್ನು ಮಕ್ಕಳಿಗೆ ಕೊಡಿ. ಹೆಗಲ ಮೇಲಿದ್ದ ಬಟ್ಟೆ ಈಗ ಇನ್ನೊಂದರ ಬೆನ್ನ ಮೇಲಿದೆ, ಹೊರುವುದು ಅದು.

ಒಂದು ವಿನಂತಿ. 'ಹೆದರಬೇಡ ಎಂಬ ಮಾತು ಸತ್ಯವೇದದಲ್ಲಿ 365 ಸಲ ಇದೆ, ದಿನಕ್ಕೊಂದು' ಎಂದು ಸ್ಲೈಡಿನಲ್ಲಿ ಹಾಕಬೇಡಿ. ಕುಳಿತು ಎಣಿಸಿದರೆ ಆ ಲೆಕ್ಕ ಸಿಗುವುದಿಲ್ಲ. ಅದರ ಬದಲು ಪ್ರತಿ 'ಹೆದರಬೇಡ'ದ ಪಕ್ಕದಲ್ಲಿರುವ ಕಾರಣಕ್ಕೆ ಅಡಿಗೆರೆ ಎಳೆಸಿ. ಯೆಶಾಯ 41:10ರಲ್ಲಿ 'ನಾನೇ ನಿನ್ನೊಂದಿಗಿದ್ದೇನೆ', 43:1ರಲ್ಲಿ 'ನಿನ್ನನ್ನು ಬಿಡುಗಡೆ ಮಾಡಿದ್ದೇನೆ, ಹೆಸರು ಹಿಡಿದು ಕರೆದಿದ್ದೇನೆ'. ಗದರಿಕೆಗೆ ಕಾರಣ ಹೇಳುವ ಅಗತ್ಯವಿಲ್ಲ. ಇಲ್ಲಿ ಕಾರಣ ಹೇಳುತ್ತಿದ್ದಾನೆ ಎಂದ ಮೇಲೆ ಇದು ಅಪ್ಪನು ಮಗುವಿಗೆ ಹೇಳುವ ಸಮಾಧಾನದ ಮಾತು.

ಸಭಾಸೇವಕ_ಗದಗ

ಮೇಲಿನದಕ್ಕೆ ಸೇರಿಸಿ ಎರಡನೇ ವಾರಕ್ಕೆ ಒಂದು ಕೆಲಸ ಹೇಳುತ್ತೇನೆ. 4:6ರಲ್ಲಿ ಪ್ರಾರ್ಥನೆ, ವಿಜ್ಞಾಪನೆ, ಕೃತಜ್ಞತೆ ಮೂರೂ ಇವೆ, ಜೊತೆಗೆ 'ನಿಮಗೆ ಬೇಕಾದದ್ದು' ಎಂಬುದೂ ಇದೆ. ಆ ಪದ ಮೂಲದಲ್ಲಿ ಬಹುವಚನ, ಬಿಡಿಬಿಡಿಯಾದ ಬೇಡಿಕೆಗಳು. ನಮ್ಮ ಪ್ರಾರ್ಥನೆಗಳು ಸೋಲುವುದು ಇಲ್ಲೇ. 'ಕರ್ತನೇ, ನನ್ನ ಎಲ್ಲಾ ಚಿಂತೆ ತೆಗೆದುಬಿಡು' ಅಂದರೆ ಮನಸ್ಸಿಗೆ ಯಾವುದನ್ನು ಕೊಟ್ಟೆ ಅನ್ನುವುದೇ ತಿಳಿಯುವುದಿಲ್ಲ, ಐದು ನಿಮಿಷದಲ್ಲಿ ಎಲ್ಲಾ ವಾಪಸು.

ನೋಟ್‌ಬುಕ್ಕಿನ ಒಂದು ಹಾಳೆ ಉದ್ದಕ್ಕೆ ಮಡಿಸಿ. ಎಡಗಡೆ 'ನನ್ನ ಕೈಯಲ್ಲಿರುವುದು', ಬಲಗಡೆ 'ನನ್ನ ಕೈಮೀರಿದ್ದು'. ಸಂಜೆ ಆರರಿಂದ ಎಂಟರೊಳಗೆ 15 ನಿಮಿಷ, ಅಲಾರಂ ಇಟ್ಟು. ಹಾಸಿಗೆಯ ಮೇಲೆ ಬೇಡ, ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಬೇಕು. ಚಿಂತೆಯನ್ನು ಹೆಸರಿಟ್ಟು ಬರೆಯಬೇಕು. 'ಫೀಸಿನ ಚಿಂತೆ' ಎಂದರೆ ಸಾಲದು. 'ತಿಂಗಳ ಕೊನೆಯೊಳಗೆ 18,000 ಕಟ್ಟಬೇಕು, 7,000 ಇದೆ' ಎಂದು ಬರೆಯಿರಿ. ಈಗ ಎಡಗಡೆ: ನಾಳೆ 11ಕ್ಕೆ ಕಾಲೇಜು ಆಫೀಸಿಗೆ ಹೋಗಿ ಕಂತು ಕೇಳುವುದು. ಬಲಗಡೆ: ಅವರು ಒಪ್ಪುತ್ತಾರೋ ಇಲ್ಲವೋ. ಬಲಗಡೆಯ ಪ್ರತಿ ಸಾಲಿಗೂ ಒಂದು ಬೇಡಿಕೆ, ಒಂದು ಸ್ತೋತ್ರ: 'ತಂದೆಯೇ, ಕಂತಿಗೆ ಒಪ್ಪಿಗೆ ಸಿಗಲಿ, ಸಿಗದಿದ್ದರೆ ಯಾರನ್ನು ಕೇಳಬೇಕೆಂದು ತೋರಿಸು. ಹೋದ ಎರಡು ಸೆಮಿಸ್ಟರ್ ದಾಟಿಸಿದ್ದಕ್ಕೆ ಸ್ತೋತ್ರ.' ಅಷ್ಟೇ. ಗಟ್ಟಿಯಾಗಿ ಓದಿ, ಹಾಳೆ ಮಡಿಸಿ ಸತ್ಯವೇದದೊಳಗೆ ಇಡಿ.

ರಾತ್ರಿ ಅದೇ ಚಿಂತೆ ಮತ್ತೆ ಬಂದೇ ಬರುತ್ತದೆ. ಆಗ ಬೇಡಿಕೆಯನ್ನು ಪುನಃ ಹೇಳಬಾರದು. 'ಇದು ಹಾಳೆಯಲ್ಲಿದೆ, ಒಪ್ಪಿಸಿ ಆಗಿದೆ' ಎಂದು ಒಂದು ಮಾತು, ಆಮೇಲೆ ಸ್ತೋತ್ರದ ಸಾಲು ಮಾತ್ರ. ಕಾರಣ ಸರಳ. ಒಂದೇ ವಿಷಯವನ್ನು ಒಂದು ಗಂಟೆ ದೇವರ ಮುಂದೆ ತಿರುವಿ ತಿರುವಿ ಹಾಕುವುದು ನೋಡಲು ಪ್ರಾರ್ಥನೆಯ ಹಾಗಿದ್ದರೂ ಒಳಗೆ ನಡೆಯುವುದು ಚಿಂತೆಯೇ, ಶುರುವಿನಲ್ಲಿ 'ಕರ್ತನೇ' ಎಂದು ಸೇರಿಸಿದ ಚಿಂತೆ.

7ನೇ ವಚನದಲ್ಲಿ ನಿಲ್ಲಿಸಿಬಿಡುತ್ತೇವೆ, ಅದೂ ಒಂದು ತಪ್ಪು. 4:8ರ ಪಟ್ಟಿಯಲ್ಲಿ ಮೊದಲನೆಯದು 'ಯಾವುದು ಸತ್ಯವೋ'. 'ಹಾಗಾದರೆ ಏನು ಗತಿ' ಎಂಬ ಯೋಚನೆಗಳೆಲ್ಲ ಈ ಮೊದಲ ಜರಡಿಯಲ್ಲೇ ನಿಲ್ಲುತ್ತವೆ, ಏಕೆಂದರೆ ಅವು ಇನ್ನೂ ನಡೆದಿಲ್ಲ. ಹಾಗೆಯೇ 4:2ರಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರ ಮನಸ್ತಾಪದ ಪ್ರಸ್ತಾಪವಿದೆ. ಚಿಂತೆಯ ಮಾತಿಗೆ ಮುಂಚೆಯೇ ಪೌಲನು ಅದನ್ನು ಎತ್ತುತ್ತಾನೆ. ಹಾಳೆಯಲ್ಲಿ ಪದೇಪದೇ ಒಬ್ಬರ ಹೆಸರು ಬರುತ್ತಿದ್ದರೆ ಎಡಗಡೆಯ ಕೆಲಸ ಅವರಿಗೆ ಫೋನ್ ಮಾಡುವುದು.

ಪ್ರಾರ್ಥನಾಗೋಪುರ

ಸ್ತೋತ್ರ. ಹಾಳೆ, ಅಲಾರಂ ಎಲ್ಲಾ ಸರಿ. ಆದರೆ 2 ತಿಮೊಥೆಯ 1:7 ಸ್ಪಷ್ಟವಾಗಿದೆಯಲ್ಲ, ದೇವರು ನಮಗೆ ಕೊಟ್ಟದ್ದು ಹೇಡಿತನದ ಆತ್ಮವಲ್ಲ. ದೇವರು ಕೊಡದ್ದು ನಮ್ಮೊಳಗಿದ್ದರೆ ಅದನ್ನು ಯೇಸುವಿನ ಹೆಸರಿನಲ್ಲಿ ಗದರಿಸಿ ಓಡಿಸಬೇಕು. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿಸಿ. ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಆ ಮೂರು ದಿನ ನಂಬಿಕೆಯಿಂದ ನಿಲ್ಲಿಸಲಿ.

ಮನೋಶುಶ್ರೂಷೆ_ಉಡುಪಿ

ಅಣ್ಣಾ, ನಿಮ್ಮ ಪ್ರಾರ್ಥನೆಯ ಬಗ್ಗೆ ಗೌರವವಿದೆ, ಆದರೆ ಕೊನೆಯ ಸಾಲನ್ನು ಯಾರೂ ಪಾಲಿಸಬಾರದು. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳನ್ನು ದಿಢೀರ್ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಅನಿಸುವುದು, ಕೆಟ್ಟ ಕನಸು, ಮತ್ತೆ ಆತಂಕ ಎಲ್ಲ ಶುರುವಾಗಬಹುದು. ಆಗ ಆ ಮಗು 'ಉಪವಾಸ ಮಾಡಿದರೂ ಭಯದ ಆತ್ಮ ಬಿಡಲಿಲ್ಲ' ಅಂದುಕೊಳ್ಳುತ್ತದೆ. ನಿಜವಾಗಿ ಅದು ಮಾತ್ರೆ ಬಿಟ್ಟದ್ದರ ಪರಿಣಾಮ. ಬಿಡುವುದಾದರೆ ಡಾಕ್ಟರು ವಾರಗಳ ಲೆಕ್ಕದಲ್ಲಿ ಡೋಸ್ ಇಳಿಸುತ್ತಾರೆ. ನಿದ್ದೆಗೆ, ಗಾಬರಿಗೆ ಕೊಡುವ ಬೆಂಜೋಡಯಜೆಪೈನ್ ಗುಂಪಿನ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ನೀರು ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗಬಹುದು. ಸಕ್ಕರೆ ಕಾಯಿಲೆಯವರ ಕಥೆ ಎಲ್ಲರಿಗೂ ಗೊತ್ತು. ಇಂಥವರು ಉಪವಾಸ ಮಾಡಲೇಬೇಕೆಂದರೆ ಮೊಬೈಲ್, ಟಿವಿ, ಸಿಹಿತಿಂಡಿ ಬಿಡಲಿ. ಅನ್ನ, ನೀರು, ಮಾತ್ರೆ ಬಿಡುವುದು ಬೇಡ.

ಮೂಲಭಾಷೆ_ಓದುಗ

ಪ್ರಾರ್ಥನಾಗೋಪುರ ಸಹೋದರರೇ, 1:7ರಲ್ಲಿ ನೀವು 'ಹೇಡಿತನ' ಎಂದು ಸರಿಯಾಗಿಯೇ ಬರೆದಿರಿ. ಮೂಲದಲ್ಲಿ ಅದು 'ದೇಲಿಯಾ', ಭಯಕ್ಕೆ ಸಾಮಾನ್ಯವಾಗಿ ಬರುವ 'ಫೊಬೊಸ್' ಅಲ್ಲ. ಮುಂದಿನ ವಚನ ಓದಿದರೆ ಸಂದರ್ಭ ತಿಳಿಯುತ್ತದೆ: ಕರ್ತನ ಸಾಕ್ಷಿಯ ವಿಷಯದಲ್ಲಿ, ಸೆರೆಯಲ್ಲಿರುವ ನನ್ನ ವಿಷಯದಲ್ಲಿ ನಾಚಿಕೆಪಡಬೇಡ. ಸೇವೆಯಿಂದ ಹಿಂದೆ ಸರಿಯುವುದರ ಮಾತು ಅದು, ರಾತ್ರಿ ಎದೆ ಬಡಿದುಕೊಳ್ಳುವುದರ ಮಾತಲ್ಲ. ಅದೇ ತಿಮೊಥೆಯನಿಗೆ ಪೌಲನು 1 ತಿಮೊಥೆಯ 5:23ರಲ್ಲಿ ಹೊಟ್ಟೆಯ ತೊಂದರೆಗೂ ಪದೇಪದೇ ಬರುವ ಅಸ್ವಸ್ಥತೆಗೂ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಹೇಳುತ್ತಾನೆ. ಆ ಕಾಲದ ಔಷಧ ಅದು. ಅಲ್ಲಿ ಯಾವ ಆತ್ಮವನ್ನೂ ಗದರಿಸಲಿಲ್ಲ.

ಪ್ರವಾದಿ ಎಲೀಯನನ್ನೂ ನೋಡಿ, 1 ಅರಸುಗಳು 19. ಸಾಯಬೇಕು ಎಂದು ಗಿಡದ ಕೆಳಗೆ ಮಲಗಿದವನಿಗೆ ದೇವದೂತನು ಮೊದಲು ಕೊಟ್ಟದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟ. 'ಇಲ್ಲೇನು ಮಾಡುತ್ತೀ' ಎಂಬ ಪ್ರಶ್ನೆ ಬಂದದ್ದು 40 ದಿನದ ನಂತರ, ಹೋರೇಬ್ ಬೆಟ್ಟದಲ್ಲಿ. ಅಲ್ಲಿಯೂ ಬೈಗುಳವಿಲ್ಲ. ನಾನೊಬ್ಬನೇ ಉಳಿದೆ ಎಂದವನಿಗೆ 7,000 ಜನರಿದ್ದಾರೆ ಎಂಬ ಸುದ್ದಿ ಸಿಕ್ಕಿತು, ಜೊತೆಗೆ ಎಲೀಷ ಎಂಬ ಸಂಗಾತಿ ಸಿಕ್ಕಿದ.

ಪ್ರಾರ್ಥನಾಗೋಪುರ

ಮಾತ್ರೆಯ ವಿಷಯ ಇಷ್ಟು ತಿಳಿದಿರಲಿಲ್ಲ. ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಯಾರೂ ಪಾಲಿಸಬೇಡಿ. ಪ್ರಾರ್ಥಿಸುವುದನ್ನಂತೂ ಬಿಡಬೇಡಿ.

ಜಪಸರ_ಮಂಗಳೂರು

ನಾನು ಕಥೋಲಿಕ, ನಮ್ಮ ಕಡೆಯ ಎರಡು ಮಾತು ಸೇರಿಸುತ್ತೇನೆ, ಒಪ್ಪಿಗೆಯಾದವರು ತೆಗೆದುಕೊಳ್ಳಿ.

2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಸಂಶೋಧಕರ ಒಂದು ಅಧ್ಯಯನ ಬಂತು, 23 ಆರೋಗ್ಯವಂತರ ಮೇಲೆ ಮಾಡಿದ್ದು. ಲ್ಯಾಟಿನ್ ಭಾಷೆಯ ನಮೋ ಮರಿಯಾ ಪ್ರಾರ್ಥನೆಯನ್ನು ಜಪಸರದ (ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆ) ಕ್ರಮದಲ್ಲಿ ಹೇಳಿದಾಗ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಯಾಕೆಂದರೆ ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು ಹೇಳುವಾಗ ಒಂದು ಸುತ್ತು ಸುಮಾರು 10 ಸೆಕೆಂಡು ಹಿಡಿಯುತ್ತದೆ. ಅಜ್ಜಿಯರು ಮನೆಮಂದಿಯನ್ನೆಲ್ಲ ಕೂರಿಸಿ ಆಚೆ ಅರ್ಧ, ಈಚೆ ಅರ್ಧ ಹೇಳಿಸುವುದರಲ್ಲಿ ಈ ಲಾಭವೂ ಇದೆ. ನಮ್ಮಲ್ಲಿ ಕೆಡುವುದು ವೇಗದಿಂದ. ಐದು ರಹಸ್ಯಗಳಿಗೆ (ಒಂದೊಂದಕ್ಕೂ ಹತ್ತು ಮಣಿಯ ಜಪ) 15ರಿಂದ 20 ನಿಮಿಷ ಬೇಕು. ಎಂಟು ನಿಮಿಷದಲ್ಲಿ ಮುಗಿಸಿದರೆ ಮೇಲುಸಿರು ಬಿಡುವುದೇ ಆಗುತ್ತದೆ. ಒಬ್ಬರೇ ಇದ್ದರೆ ಒಂದೇ ರಹಸ್ಯ, ಹತ್ತು ಮಣಿ, ನಿಧಾನವಾಗಿ.

ಎರಡನೆಯದು ಮುಖ್ಯ. ಕೆಲವರ ಭಯ ಪರೀಕ್ಷೆಯದಲ್ಲ, ಪಾಪದ್ದು. ಪಾಪನಿವೇದನೆ ಮಾಡಿ ಹೊರಗೆ ಬಂದ ಕೂಡಲೇ 'ಸರಿಯಾಗಿ ಹೇಳಿದೆನಾ, ಒಂದು ಬಿಟ್ಟೆನಾ' ಎಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರಾರ್ಥನೆಯ ನಡುವೆ ಒಂದು ಕೆಟ್ಟ ಯೋಚನೆ ಬಂದರೆ ಮೊದಲಿನಿಂದ ಶುರು. ಸಂತ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿ ಇದೇ ಸಂಕಟದಲ್ಲಿ ಸಾಯುವ ಯೋಚನೆಯ ತನಕ ಹೋಗಿದ್ದರು. ಮುಗಿದ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮೇಲೆ ಅದು ಬಿಟ್ಟಿತು. ಅಂಥವರಿಗೆ ಮೂರು ಕಟ್ಟುಪಾಡು: ಒಬ್ಬರೇ ಗುರುಗಳ ಹತ್ತಿರ ಹೋಗುವುದು, ಅವರು ಹೇಳಿದ ದಿನಕ್ಕೇ ಹೋಗುವುದು, ಒಮ್ಮೆ ಹೇಳಿದ ಪ್ರಾರ್ಥನೆಯನ್ನು ಎಷ್ಟೇ ಅರೆಕೊರೆ ಅನಿಸಿದರೂ ಪುನಃ ಹೇಳದಿರುವುದು.

ಇಗ್ನೇಷಿಯಸರ ಇನ್ನೊಂದು ನಿಯಮ ನಿಮ್ಮ ಕೆಲಸ ಹುಡುಕುವ ಹುಡುಗರಿಗೆ. ಮನಸ್ಸು ಕತ್ತಲಾಗಿರುವಾಗ ಹಿಂದೆ ಬೆಳಕಿನಲ್ಲಿ ಮಾಡಿದ ತೀರ್ಮಾನ ಬದಲಿಸಬಾರದು. ರಾತ್ರಿ ಎರಡಕ್ಕೆ ರಾಜೀನಾಮೆ ಪತ್ರ ಕಳಿಸಬಾರದು, ನಿಶ್ಚಿತಾರ್ಥ ಮುರಿಯಬಾರದು, ಕೋರ್ಸ್ ಬಿಡಬಾರದು.

ಮನೋಶುಶ್ರೂಷೆ_ಉಡುಪಿ

ಮಂಗಳೂರಿನವರು ಹೇಳಿದ್ದು ನಮ್ಮ ವಿಭಾಗದಲ್ಲೂ ಹಾಗೆಯೇ. ಪಾಪದ ಆ ಭಯ ಬಹಳ ಸಲ ಒಸಿಡಿಯ, ಅಂದರೆ ಒಂದೇ ಸಂಶಯ, ಒಂದೇ ಕೆಲಸ ಮತ್ತೆ ಮತ್ತೆ ಕಾಡುವ ಗೀಳು ಕಾಯಿಲೆಯ ಒಂದು ರೂಪ. ಅದಕ್ಕೆ ಇರುವ ಚಿಕಿತ್ಸೆಯಲ್ಲಿ ಸಂಶಯ ಬಂದರೂ ಪುನರಾವರ್ತನೆ ಮಾಡದೆ ಕೂರುವುದನ್ನು ಹಂತಹಂತವಾಗಿ ಕಲಿಸುತ್ತಾರೆ. ಸಭಾಸೇವಕರಿಗೆ ಒಂದು ಮಾತು: ಅಂಥವರು ದಿನಕ್ಕೆ ಹತ್ತು ಸಲ ಫೋನ್ ಮಾಡಿ 'ಪಾಸ್ಟರ್, ದೇವರು ಕ್ಷಮಿಸಿದ್ದಾನಾ' ಎಂದು ಕೇಳುತ್ತಾರೆ. ಪ್ರತಿ ಸಲ 'ಹೌದಮ್ಮಾ' ಅಂದರೆ ಆ ಕ್ಷಣಕ್ಕೆ ಸಮಾಧಾನ, ಗಂಟೆ ಕಳೆದರೆ ಮತ್ತೆ ಫೋನ್. ಮೊದಲ ಸಲ ಉತ್ತರಿಸಿ, ಆಮೇಲೆ 'ಇದಕ್ಕೆ ಉತ್ತರ ಆಗಿದೆ, ಭಾನುವಾರ ಮಾತಾಡೋಣ' ಎಂದು ಪ್ರೀತಿಯಿಂದ ನಿಲ್ಲಿಸಿ. ಅದೇ ನಿಜವಾದ ಕನಿಕರ.

ಯುವಕೂಟ_ಹುಬ್ಬಳ್ಳಿ

ಸಿಸ್ಟರ್, ಆರಾಧನೆಯ ನಡುವೆಯೇ ಎದೆ ಹಿಡಿದಂತಾಗಿ, ಕೈ ಜುಮ್ಮೆಂದು ಓಡಿಹೋಗುವವರಿಗೆ ಏನು ಮಾಡಬೇಕು? ಸುತ್ತ ನಿಂತು ಜೋರಾಗಿ ಪ್ರಾರ್ಥಿಸುವುದು ರೂಢಿ.

ಮನೋಶುಶ್ರೂಷೆ_ಉಡುಪಿ

ಸುತ್ತ ನಿಲ್ಲಬೇಡಿ. ಪ್ಯಾನಿಕ್ ಬಂದವರಿಗೆ ಮೊದಲೇ ಗಾಳಿ ಸಾಲುತ್ತಿಲ್ಲ ಅನಿಸುತ್ತಿರುತ್ತದೆ. ಒಬ್ಬರು ಮಾತ್ರ ಪಕ್ಕದಲ್ಲಿ, ಕೂರಿಸಿ, ಫ್ಯಾನ್ ಹತ್ತಿರ. ಜುಮ್ಮೆನ್ನುವುದು, ತಲೆ ಹಗುರಾಗುವುದು ಎಲ್ಲಾ ಬೇಗಬೇಗ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದದ್ದರಿಂದ. ಹಾಗಾಗಿ 'ಜೋರಾಗಿ ಉಸಿರೆಳೆದುಕೋ' ಎನ್ನಬಾರದು, ಅದರಿಂದ ಹೆಚ್ಚಾಗುತ್ತದೆ. ಹೊರಗೆ ಬಿಡುವ ಉಸಿರು ಉದ್ದವಾಗಬೇಕು: ಮೂಗಿನಿಂದ 4 ಎಣಿಸುವಷ್ಟು ಒಳಗೆ, ಬಾಯಿಂದ 6 ಎಣಿಸುವಷ್ಟು ಹೊರಗೆ. ಹೆಚ್ಚಾಗಿ 10 ನಿಮಿಷದೊಳಗೆ ಶಿಖರ ಮುಟ್ಟಿ ಇಳಿಯಲು ಶುರುವಾಗುತ್ತದೆ. ಇಳಿದ ಮೇಲೆ ಮನೆಗೆ ಕಳಿಸಬೇಡಿ, ಕೊನೆಯ ಬೆಂಚಿನಲ್ಲಾದರೂ ಆಶೀರ್ವಾದದ ತನಕ ಕೂರಲಿ. ಓಡಿಹೋದರೆ ಮನಸ್ಸು 'ಆ ಜಾಗವೇ ಅಪಾಯ' ಎಂದು ಕಲಿಯುತ್ತದೆ, ಮುಂದಿನ ಭಾನುವಾರ ಗೇಟಿನ ಹತ್ತಿರವೇ ಶುರು.

ಮೊದಲ ಸಲ ಹೀಗಾದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಲಿ. ಥೈರಾಯ್ಡ್ ಹೆಚ್ಚಿದ್ದರೂ, ರಕ್ತ ಕಡಿಮೆಯಿದ್ದರೂ ಎದೆ ಹೀಗೇ ಬಡಿಯುತ್ತದೆ. ನೋವು ತೋಳಿಗೆ, ದವಡೆಗೆ ಹರಡಿದರೆ, ತಣ್ಣನೆಯ ಬೆವರು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಕೀರ್ತನೆ_131

ಆ ಉಸಿರಿನ ಜೊತೆಗೆ ಕೀರ್ತನೆ ಸೇರಿಸಬಹುದು. ಇಬ್ರಿಯ ಕಾವ್ಯದ ಸಾಲು ಎರಡು ಅರ್ಧಗಳದ್ದು, ಕನ್ನಡದಲ್ಲೂ ಅದು ಉಳಿದಿದೆ. ಒಳಗೆ ಎಳೆಯುವಾಗ ಮನಸ್ಸಿನಲ್ಲಿ 'ಯೆಹೋವನು ನನಗೆ ಕುರುಬನು', ಬಿಡುವಾಗ ಪಿಸುಮಾತಿನಲ್ಲಿ ನಿಧಾನವಾಗಿ 'ಕೊರತೆಪಡೆನು'. ಐದು ನಿಮಿಷ. ಇದನ್ನು ಗಾಬರಿ ಇಲ್ಲದ ಹೊತ್ತಿನಲ್ಲಿ ದಿನಕ್ಕೆ ಎರಡು ಸಲ, ಎರಡು ವಾರ ರೂಢಿ ಮಾಡಿರಬೇಕು. ಗಾಬರಿ ಬಂದಾಗಲೇ ಮೊದಲ ಸಲ ಪ್ರಯತ್ನಿಸಿದರೆ ಕೈಗೆ ಸಿಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ.

23ನೇ ಕೀರ್ತನೆಯಲ್ಲಿ ಒಂದನ್ನು ನಿಮ್ಮ ಯುವಕರಿಗೆ ತೋರಿಸಿ. 1ರಿಂದ 3ರ ತನಕ ದೇವರ ಬಗ್ಗೆ 'ಆತನು' ಎಂಬ ಧಾಟಿ: ಮಲಗಿಸುತ್ತಾನೆ, ನಡೆಸುತ್ತಾನೆ. 4ರಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತದೆ, ಆ ವಚನದಲ್ಲೇ 'ಆತನು' ಹೋಗಿ 'ನೀನು' ಆಗುತ್ತದೆ. ಹುಲ್ಲುಗಾವಲಿನಲ್ಲಿ ದೇವರ ವಿಷಯ ಮಾತಾಡುತ್ತಿದ್ದವನು ಕಣಿವೆಯಲ್ಲಿ ದೇವರೊಂದಿಗೆ ಮಾತಾಡುತ್ತಾನೆ. ಕೆಂಪು ಪೆನ್ನಿನಲ್ಲಿ ಆ 'ನೀನು' ಸುತ್ತು ಹಾಕಿಸಿ.

ಮೂರನೇ ವಾರಕ್ಕೆ 13ನೇ ಕೀರ್ತನೆ ಸಾಕು. ಆರೇ ವಚನ: 1-2 ದೂರು, 3-4 ಬೇಡಿಕೆ, 5-6 ಭರವಸೆ. ಪ್ರತಿಯೊಬ್ಬರೂ ತಮ್ಮ ಆರು ಸಾಲು ಬರೆಯಲಿ, ಎರಡೆರಡರಂತೆ. ದೂರಿನ ಎರಡು ಸಾಲನ್ನು ಹಾರಿಸಿ ನೇರ ಭರವಸೆಗೆ ಹೋಗಲು ಬಿಡಬೇಡಿ, ಅದು ಒಳಗೇ ಕೊಳೆಯುತ್ತದೆ. ಭರವಸೆಯ ಸಾಲು ಇನ್ನೂ ಬರದಿದ್ದರೆ 88ನೇ ಕೀರ್ತನೆ ತೋರಿಸಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆ, ಸತ್ಯವೇದದಲ್ಲೇ ಇದೆ. 91ನ್ನು ಮಾತ್ರ ತಾಯಿತದ ಹಾಗೆ ಕೊಡಬೇಡಿ. ಮತ್ತಾಯ 4:6ರಲ್ಲಿ ಸೈತಾನನು ಯೇಸುವಿಗೆ ಹೇಳಿದ್ದು ಅದೇ ಕೀರ್ತನೆಯ ಮಾತು.

ಯುವಕೂಟ_ಹುಬ್ಬಳ್ಳಿ

ನೈಟ್ ಶಿಫ್ಟಿನವರು ಬೆಳಿಗ್ಗೆ ಏಳಕ್ಕೆ ಬಂದು ಮಲಗುತ್ತಾರೆ. ಅವರಿಗೆ ನಿದ್ದೆಯ ಮುಂಚೆ ಏನು?

ಜಪಸರ_ಮಂಗಳೂರು

ಮಠಗಳ ರಾತ್ರಿಯ ಪ್ರಾರ್ಥನೆ ಹಾಗೇ ಕೊಡಿ. ಆರನೇ ಶತಮಾನದ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮಾವಳಿಯಲ್ಲಿ ದಿನದ ಕೊನೆಯ ಪ್ರಾರ್ಥನೆಗೆ ಗೊತ್ತು ಮಾಡಿದ್ದು ಮೂರೇ ಕೀರ್ತನೆ: 4, 91, 134. ದಿನವೂ ಅವೇ, ಬದಲಾವಣೆಯಿಲ್ಲ. ನಿದ್ದೆಗಣ್ಣಿನಲ್ಲಿ ಹೊಸದನ್ನು ಹುಡುಕಬೇಕಿಲ್ಲ ಅನ್ನುವುದೇ ಅದರ ಬಲ. ಬೆಳಿಗ್ಗೆ ಏಳಕ್ಕಾದರೂ ಅವರಿಗೆ ಅದೇ ರಾತ್ರಿ. ಕಿಟಕಿಗೆ ದಪ್ಪ ಬಟ್ಟೆ, ಶಿಫ್ಟಿನ ಕೊನೆಯ ಆರು ಗಂಟೆ ಕಾಫಿ, ಟೀ ಇಲ್ಲ. ಫೋನಿನಲ್ಲಿ ಓದದೆ ಕಾಗದದಲ್ಲಿ ಓದಲಿ, ಫೋನ್ ತೆರೆದರೆ ಆಫೀಸಿನ ಮೆಸೇಜು ಎದುರಿಗಿರುತ್ತದೆ. 4ನೇ ಕೀರ್ತನೆಯ ಕೊನೆಯ ವಚನ ಮಲಗುವವನ ಮಾತೇ, ಅದನ್ನು ಕಡೆಗೆ ಇಟ್ಟುಕೊಳ್ಳಲಿ.

ಸಭಾಸೇವಕ_ಗದಗ

ಮತ್ತಾಯ 6:34ನ್ನೂ ಆ ಕಾಗದದ ಹಿಂದೆ ಬರೆಯಿರಿ: ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು. ವಿಮೋಚನಕಾಂಡ 16ರಲ್ಲಿ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದೇವರು ಕೊಟ್ಟ ಆಹಾರವಾದ ಮನ್ನವೂ ಹಾಗೇ, ತಲೆಗೆ ದಿನಕ್ಕೆ ಒಂದು ಓಮೆರ್ ಅಳತೆ. ನಾಳೆಗೆಂದು ಇಟ್ಟದ್ದು ಹುಳ ಬಿತ್ತು, ಸಬ್ಬತ್ತಿನ (ವಿಶ್ರಾಂತಿ ದಿನದ) ಹಿಂದಿನ ದಿನ ಕೂಡಿಸಿದ್ದು ಮಾತ್ರ ಕೆಡಲಿಲ್ಲ.

ಮನೋಶುಶ್ರೂಷೆ_ಉಡುಪಿ

ನಾಲ್ಕನೇ ವಾರ ಇದನ್ನು ಬೋರ್ಡಿನಲ್ಲಿ ಬರೆಯಿರಿ. ಬಹುತೇಕ ದಿನ ಚಿಂತೆ, ಆರು ತಿಂಗಳು ದಾಟಿದೆ, ನಿದ್ದೆ, ಓದು, ಕೆಲಸ ಕೆಟ್ಟಿದೆ ಎಂದರೆ ಮನೋವೈದ್ಯರನ್ನು ಕಾಣಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಈ ವಿಭಾಗವಿರುತ್ತದೆ, ಧಾರವಾಡದಲ್ಲಿ ಡಿಮ್ಹಾನ್ಸ್ ನಿಮಗೆ ಹತ್ತಿರ, ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ಆರು ವಾರ ಬೇಕು, ಮೊದಲ ವಾರ ಆತಂಕ ಸ್ವಲ್ಪ ಹೆಚ್ಚೂ ಆಗಬಹುದು. ಅನೇಕರು ಆಗಲೇ ಬಿಟ್ಟುಬಿಡುತ್ತಾರೆ. ಸಾಯುವ ಮಾತು ಬಾಯಲ್ಲಿ ಬಂದರೆ ಆರು ತಿಂಗಳ ಲೆಕ್ಕ ಬೇಡ, ಅವತ್ತೇ, ಒಬ್ಬರನ್ನೇ ಬಿಡದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416, ಹಗಲೂ ರಾತ್ರಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಯುವಕೂಟ_ಹುಬ್ಬಳ್ಳಿ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಒಂದೇ ಕಾಗದ ಮಾಡುತ್ತಿದ್ದೇನೆ: ಮುಂದೆ 4, 91, 134, ಹಿಂದೆ ಎಡಬಲದ ಖಾಲಿ ಪಟ್ಟಿ, ಮೇಲೆ 14416.

ಕೀರ್ತನೆ_131

ಅಕ್ಷರ ದೊಡ್ಡದಾಗಿರಲಿ, 16 ಪಾಯಿಂಟಿಗಿಂತ ಕಡಿಮೆ ಬೇಡ, ಮಂದ ಬೆಳಕಿನಲ್ಲಿ ಓದಬೇಕು. 134 ಮೂರೇ ವಚನ, ಜಾಗ ಹಿಡಿಯುವುದಿಲ್ಲ. ಅದರ ಕೆಳಗೆ ಜಾಗ ಉಳಿದರೆ 56:3 ಹಾಕಿ. ದಾವೀದನು ಅಲ್ಲಿ 'ಹೆದರಿದರೆ' ಎನ್ನುವುದಿಲ್ಲ, 'ಹೆದರುವಾಗ' ಎನ್ನುತ್ತಾನೆ.